ಸಮ್ಮೇಳನಗಳ ನಗರಿ ದೆಹಲಿ: ಸಭಾಂಗಣಗಳು ಎಲ್ಲಿವೆ, ಯಾವ ಕಾಲ ಸೂಕ್ತ, ಏನೆಲ್ಲ ಗಮನಿಸಬೇಕು?

ನೂರು ಜನರ ವಾರ್ಷಿಕ ಸಭೆಯಿರಲಿ, ಹತ್ತು ಸಾವಿರ ಪ್ರತಿನಿಧಿಗಳ ಅಂತಾರಾಷ್ಟ್ರೀಯ ಸಮ್ಮೇಳನವಿರಲಿ, ಸ್ಥಳದ ಚರ್ಚೆ ಶುರುವಾದರೆ ದೆಹಲಿಯ ಹೆಸರು ಬಂದೇ ಬರುತ್ತದೆ. ದೇಶದ ಎಲ್ಲ ಮೂಲೆಗಳಿಂದ ರೈಲು, ವಿಮಾನ ಸಂಪರ್ಕವಿದೆ. ಕೇಂದ್ರ ಸರ್ಕಾರದ ಸಚಿವಾಲಯಗಳು, ವಿದೇಶಿ ರಾಯಭಾರ ಕಚೇರಿಗಳು, ರಾಷ್ಟ್ರಮಟ್ಟದ ಸಂಘ ಸಂಸ್ಥೆಗಳು ಇಲ್ಲೇ ಇವೆ. 2023ರಲ್ಲಿ ಎರಡು ತಿಂಗಳ ಅಂತರದಲ್ಲಿ ಎರಡು ಬೃಹತ್ ಸಮಾವೇಶ ಕೇಂದ್ರಗಳು ಉದ್ಘಾಟನೆಯಾದ ಬಳಿಕ ಸ್ಥಳದ ಕೊರತೆಯ ದೂರೂ ಬಹುಮಟ್ಟಿಗೆ ತಗ್ಗಿದೆ.

ಹಾಗಿದ್ದರೂ ದೆಹಲಿಯಲ್ಲಿ ಕಾರ್ಯಕ್ರಮ ಮಾಡುವುದು ಸಭಾಂಗಣ ಕಾದಿರಿಸಿದಷ್ಟು ಸುಲಭವಲ್ಲ. ಚಳಿಗಾಲದ ಹೊಗೆ, ಜನವರಿಯ ಮಂಜು, ಗಣರಾಜ್ಯೋತ್ಸವದ ಭದ್ರತೆ, ಮದುವೆ ಹಂಗಾಮಿನ ನೂಕುನುಗ್ಗಲು, ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಿಡಿಯುವ ಸಮಯ, ಇವುಗಳಲ್ಲಿ ಯಾವುದೊಂದನ್ನು ಮರೆತರೂ ಇಡೀ ಕಾರ್ಯಕ್ರಮ ಏರುಪೇರಾಗಬಹುದು. ಈ ಬಗ್ಗೆ ತಿಳಿದಿರಬೇಕಾದ ಮುಖ್ಯ ಸಂಗತಿಗಳು ಇಲ್ಲಿವೆ.

ಏನಿದು 'ಮೈಸ್' ಪ್ರವಾಸೋದ್ಯಮ?

ಮೀಟಿಂಗ್, ಇನ್ಸೆಂಟಿವ್, ಕಾನ್ಫರೆನ್ಸ್, ಎಕ್ಸಿಬಿಷನ್ ಎಂಬ ನಾಲ್ಕು ಪದಗಳ ಮೊದಲ ಅಕ್ಷರ ಸೇರಿಸಿ ಪ್ರವಾಸೋದ್ಯಮದವರು ಇದನ್ನು 'ಮೈಸ್' ಎಂದು ಕರೆಯುತ್ತಾರೆ. ಕಂಪನಿಗಳ ಸಭೆ, ನೌಕರರು ಮತ್ತು ಡೀಲರ್‌ಗಳಿಗೆ ಬಹುಮಾನವಾಗಿ ನೀಡುವ ಪ್ರವಾಸ, ವೈದ್ಯರು, ವಕೀಲರು, ವಿಜ್ಞಾನಿಗಳ ಸಮ್ಮೇಳನ, ವ್ಯಾಪಾರ ಮೇಳ, ಎಲ್ಲವೂ ಇದರಡಿ ಬರುತ್ತವೆ. ತಾಣ ನೋಡಲು ಬರುವ ಪ್ರವಾಸಿಗೂ ಸಮ್ಮೇಳನಕ್ಕೆ ಬರುವ ಪ್ರತಿನಿಧಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಪ್ರತಿನಿಧಿಗಳು ಒಟ್ಟಾಗಿ ಬರುತ್ತಾರೆ, ಒಟ್ಟಾಗಿ ತಂಗುತ್ತಾರೆ, ಒಂದೇ ಹೊತ್ತಿಗೆ ಊಟಕ್ಕೆ ಏಳುತ್ತಾರೆ. ಹಾಗಾಗಿ ಹೋಟೆಲ್, ಟ್ಯಾಕ್ಸಿ, ಅಡುಗೆ, ಮುದ್ರಣ, ಹೂವಿನ ಅಲಂಕಾರ, ಧ್ವನಿ ಬೆಳಕು ಮುಂತಾದ ಹತ್ತಾರು ಕಸುಬಿನವರಿಗೆ ಒಮ್ಮೆಲೇ ಕೆಲಸ ಸಿಗುತ್ತದೆ.

ಭಾರತವನ್ನು ಸಮ್ಮೇಳನಗಳ ತಾಣವಾಗಿ ಪರಿಚಯಿಸಲು 1988ರಲ್ಲಿ ಇಂಡಿಯಾ ಕನ್ವೆನ್ಷನ್ ಪ್ರಮೋಷನ್ ಬ್ಯೂರೊ ಆರಂಭವಾಯಿತು. ಆದರೆ ದೆಹಲಿಯ ಸಮ್ಮೇಳನದ ಇತಿಹಾಸ ಅದಕ್ಕಿಂತ ಹಳೆಯದು.

ಪುರಾನಾ ಕಿಲಾದಿಂದ ವಿಜ್ಞಾನ ಭವನದವರೆಗೆ

ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಮುಂಚೆ, 1947ರ ಮಾರ್ಚ್-ಏಪ್ರಿಲ್‌ನಲ್ಲಿ ಏಷ್ಯಾ ದೇಶಗಳ ಸಂಬಂಧ ಕುರಿತ ಸಮ್ಮೇಳನ ದೆಹಲಿಯ ಪುರಾನಾ ಕಿಲಾದಲ್ಲಿ ನಡೆಯಿತು. ಸಾವಿರಾರು ಜನ ಕೂರುವ ಸಭಾಂಗಣ ಆಗ ಇರಲಿಲ್ಲ. ಕೋಟೆಯ ಆವರಣದಲ್ಲಿ ಶಾಮಿಯಾನ ಹಾಕಿ ಸಭೆ ನಡೆಸಲಾಗಿತ್ತು. ಮಹಾತ್ಮ ಗಾಂಧೀಜಿ ಅಲ್ಲಿ ಮಾತನಾಡಿದ್ದರು.

1956ರಲ್ಲಿ ಯುನೆಸ್ಕೊದ ಮಹಾಸಮ್ಮೇಳನ ದೆಹಲಿಗೆ ಬಂತು. ಅದಕ್ಕಾಗಿಯೇ ಎರಡು ಕಟ್ಟಡಗಳು ಎದ್ದವು. ಸಭೆಗೆ ವಿಜ್ಞಾನ ಭವನ, ಅತಿಥಿಗಳ ವಾಸಕ್ಕೆ ಅಶೋಕ ಹೋಟೆಲ್. ವಿಜ್ಞಾನ ಭವನದ ಮುಖ್ಯ ಸಭಾಂಗಣದಲ್ಲಿ 1,200ಕ್ಕೂ ಹೆಚ್ಚು ಆಸನಗಳಿವೆ. ಮುಂದಿನ ಹಲವು ದಶಕ ದೇಶದ ಮಹತ್ವದ ಸಭೆಗಳು ನಡೆದದ್ದು ಇಲ್ಲೇ. 1968ರಲ್ಲಿ ವಿಶ್ವಸಂಸ್ಥೆಯ ವಾಣಿಜ್ಯ ಮತ್ತು ಅಭಿವೃದ್ಧಿ ಸಮ್ಮೇಳನ, 1983ರ ಮಾರ್ಚ್‌ನಲ್ಲಿ ಅಲಿಪ್ತ ರಾಷ್ಟ್ರಗಳ ಶೃಂಗಸಭೆ, ಅದೇ ವರ್ಷದ ನವೆಂಬರ್‌ನಲ್ಲಿ ಕಾಮನ್‌ವೆಲ್ತ್ ನಾಯಕರ ಸಭೆ, 2002ರಲ್ಲಿ ಹವಾಮಾನ ಬದಲಾವಣೆ ಕುರಿತ ಜಾಗತಿಕ ಸಮ್ಮೇಳನ, ಹೀಗೆ ಪಟ್ಟಿ ಉದ್ದವಿದೆ.

ಮೇಳಗಳ ಕಥೆ ಪ್ರಗತಿ ಮೈದಾನದ್ದು. 1972ರ 'ಏಷ್ಯಾ 72' ಅಂತಾರಾಷ್ಟ್ರೀಯ ವ್ಯಾಪಾರ ಮೇಳಕ್ಕಾಗಿ ಇಲ್ಲಿ ದೊಡ್ಡ ಪ್ರದರ್ಶನಾಂಗಣಗಳು ನಿರ್ಮಾಣವಾದವು. 1980ರಿಂದ ಪ್ರತಿವರ್ಷ ನವೆಂಬರ್ 14ಕ್ಕೆ ಆರಂಭವಾಗುವ ಭಾರತ ಅಂತಾರಾಷ್ಟ್ರೀಯ ವ್ಯಾಪಾರ ಮೇಳದ ತಾಣವೂ ಇದೇ. 1972ರಲ್ಲಿ ಶುರುವಾದ ವಿಶ್ವ ಪುಸ್ತಕ ಮೇಳ ಮೊದಲು ಎರಡು ವರ್ಷಕ್ಕೊಮ್ಮೆ ನಡೆಯುತ್ತಿತ್ತು, 2013ರಿಂದ ಪ್ರತಿವರ್ಷ ನಡೆಯುತ್ತಿದೆ.

ಕೆಡವಿದ್ದು ಏನು, ಕಟ್ಟಿದ್ದು ಏನು?

ಪ್ರಗತಿ ಮೈದಾನದ ಹೊಸ ರೂಪಕ್ಕೆ ತೆತ್ತ ಬೆಲೆಯೂ ಇದೆ. ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ 'ಏಷ್ಯಾ 72'ಗಾಗಿ ರೂಪಿಸಿದ್ದ 'ಹಾಲ್ ಆಫ್ ನೇಷನ್ಸ್' ಒಳಗೆ ಒಂದೂ ಕಂಬವಿಲ್ಲದೆ ಕಾಂಕ್ರೀಟ್ ಜಾಲದ ಮೇಲೆ ನಿಂತ ವಿಶಾಲ ಕಟ್ಟಡ. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಕಾರ್ಮಿಕರು ಕೈಯಾರೆ ಎರಕ ಹೊಯ್ದು ಕಟ್ಟಿದ್ದ ಅದನ್ನು ಜಗತ್ತಿನ ವಾಸ್ತುಶಿಲ್ಪಿಗಳು ಮೆಚ್ಚಿದ್ದರು. ಉಳಿಸಿಕೊಳ್ಳಬೇಕೆಂಬ ಬೇಡಿಕೆ ನ್ಯಾಯಾಲಯದವರೆಗೂ ಹೋಯಿತು. ಪಾರಂಪರಿಕ ಕಟ್ಟಡ ಎನಿಸಿಕೊಳ್ಳಲು 60 ವರ್ಷ ತುಂಬಿರಬೇಕು ಎಂಬ ನಿಲುವು ಅದರ ವಿರುದ್ಧ ನಿಂತಿತು. 2017ರ ಏಪ್ರಿಲ್‌ನಲ್ಲಿ ಕಟ್ಟಡ ನೆಲಸಮವಾದಾಗ ಅದಕ್ಕೆ 45 ವರ್ಷವೂ ತುಂಬಿರಲಿಲ್ಲ.

ಹೀಗೆ ಹೊಸದಾಗಿ ರೂಪುಗೊಂಡ ಸುಮಾರು 123 ಎಕರೆಯ ಆವರಣದಲ್ಲಿ ತಲೆಯೆತ್ತಿದ್ದೇ 'ಭಾರತ್ ಮಂಟಪ'. ಸುಮಾರು 2,700 ಕೋಟಿ ರೂಪಾಯಿ ವೆಚ್ಚದ ಈ ಯೋಜನೆ 2023ರ ಜುಲೈ 26ರಂದು ಉದ್ಘಾಟನೆಯಾಯಿತು. ಸಭಾಂಗಣಗಳನ್ನು ಒಟ್ಟು ಸೇರಿಸಿದರೆ 7,000 ಜನ ಕೂರಬಹುದು. 3,000 ಆಸನಗಳ ಬಯಲು ರಂಗಮಂದಿರವಿದೆ. ಒಂದೇ ಭಾಷಣವನ್ನು ಏಕಕಾಲದಲ್ಲಿ 16 ಭಾಷೆಗಳಿಗೆ ಅನುವಾದಿಸಿ ಕೇಳಿಸುವ ವ್ಯವಸ್ಥೆಯಿದೆ. 5,500ಕ್ಕೂ ಹೆಚ್ಚು ವಾಹನಗಳ ನಿಲುಗಡೆಗೆ ಜಾಗವಿದೆ.

ಕನ್ನಡಿಗರಿಗೆ ಈ ಹೆಸರಿನ ಹಿಂದಿನ ಕಥೆ ಹತ್ತಿರದ್ದು. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರು ಕಟ್ಟಿದ ಅನುಭವ ಮಂಟಪವೇ 'ಭಾರತ್ ಮಂಟಪ' ಎಂಬ ಹೆಸರಿಗೆ ಪ್ರೇರಣೆ ಎಂದು ಉದ್ಘಾಟನೆಯ ದಿನ ಪ್ರಧಾನಿ ನರೇಂದ್ರ ಮೋದಿ ಹೇಳಿದ್ದರು. ಅಲ್ಲಮಪ್ರಭು ಅಧ್ಯಕ್ಷತೆಯ ಆ ಮಂಟಪದಲ್ಲಿ ಮಾದಾರ, ಮಡಿವಾಳ, ಅಂಬಿಗ ಎಂಬ ಭೇದವಿಲ್ಲದೆ, ಹೆಣ್ಣು ಗಂಡೆಂಬ ತರತಮವಿಲ್ಲದೆ ಎಲ್ಲರೂ ಕೂತು ಮಾತನಾಡುತ್ತಿದ್ದರು ಎಂಬುದು ಶರಣ ಪರಂಪರೆಯ ನೆನಪು. ಆ ಹೆಸರು ಹೊತ್ತ ಕಟ್ಟಡ ಸಾಮಾನ್ಯ ಸಂಘ ಸಂಸ್ಥೆಗಳ ಕೈಗೂ ಎಟುಕುವುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ದ್ವಾರಕಾದ ಯಶೋಭೂಮಿ

2023ರ ಸೆಪ್ಟೆಂಬರ್ 17ರಂದು ದ್ವಾರಕಾ 25ನೇ ಸೆಕ್ಟರ್‌ನಲ್ಲಿ 'ಯಶೋಭೂಮಿ'ಯ ಮೊದಲ ಹಂತ ಉದ್ಘಾಟನೆಯಾಯಿತು. ಸುಮಾರು 5,400 ಕೋಟಿ ರೂಪಾಯಿ ವೆಚ್ಚದ ಈ ಕೇಂದ್ರದಲ್ಲಿ 6,000 ಆಸನಗಳ ಮುಖ್ಯ ಸಭಾಂಗಣ, ಸುಮಾರು 2,500 ಅತಿಥಿಗಳ ಔತಣಾಂಗಣ ಹಾಗೂ 13 ಸಭಾ ಕೊಠಡಿಗಳಿವೆ. ಒಟ್ಟು 11,000 ಪ್ರತಿನಿಧಿಗಳಿಗೆ ಅವಕಾಶ. ಪ್ರದರ್ಶನಾಂಗಣಗಳ ವಿಸ್ತೀರ್ಣವೇ 1.07 ಲಕ್ಷ ಚದರ ಮೀಟರ್‌ಗೂ ಹೆಚ್ಚು.

ಇದರ ದೊಡ್ಡ ಅನುಕೂಲ ಮೆಟ್ರೊ. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮಾರ್ಗವನ್ನು ದ್ವಾರಕಾ 21ನೇ ಸೆಕ್ಟರ್‌ನಿಂದ ಮುಂದಕ್ಕೆ ವಿಸ್ತರಿಸಿ ಯಶೋಭೂಮಿಯ ಬಾಗಿಲಿಗೇ ತಂದು ನಿಲ್ಲಿಸಲಾಗಿದೆ. ವಿಮಾನ ನಿಲ್ದಾಣದ 3ನೇ ಟರ್ಮಿನಲ್‌ನಿಂದ ಇದು ಎರಡನೇ ನಿಲ್ದಾಣ. ನವದೆಹಲಿ ರೈಲು ನಿಲ್ದಾಣದಿಂದ ಅರ್ಧ ಗಂಟೆಯೊಳಗೆ ತಲುಪಬಹುದು. ಕೊರತೆ ಏನೆಂದರೆ, ಸಂಜೆ ಇಂಡಿಯಾ ಗೇಟ್, ಕನಾಟ್ ಪ್ಲೇಸ್ ಸುತ್ತಬೇಕೆನ್ನುವವರಿಗೆ ಇದು ಊರ ಹೊರಗಿನ ಜಾಗ.

ಇವೆರಡರ ಜೊತೆಗೆ ಗ್ರೇಟರ್ ನೋಯ್ಡಾದ ಇಂಡಿಯಾ ಎಕ್ಸ್‌ಪೋ ಸೆಂಟರ್ ಇದೆ. 2014ರಿಂದ ಆಟೊ ಎಕ್ಸ್‌ಪೋ ವಾಹನ ಪ್ರದರ್ಶನ ಅಲ್ಲಿಗೆ ಸ್ಥಳಾಂತರವಾಗಿತ್ತು. ಮರುಭೂಮೀಕರಣ ತಡೆ ಕುರಿತ ವಿಶ್ವಸಂಸ್ಥೆಯ 2019ರ ಸಮ್ಮೇಳನವೂ ಅಲ್ಲೇ ನಡೆದಿತ್ತು. 2025ರ ಜನವರಿಯ ಭಾರತ್ ಮೊಬಿಲಿಟಿ ಮೇಳವನ್ನು ಭಾರತ್ ಮಂಟಪ, ಯಶೋಭೂಮಿ ಮತ್ತು ಗ್ರೇಟರ್ ನೋಯ್ಡಾ, ಮೂರೂ ಕಡೆ ಹಂಚಿ ನಡೆಸಲಾಯಿತು. ಮೂರನ್ನೂ ಒಂದೇ ದಿನ ನೋಡಿ ಬರಲು ಹೊರಟವರಿಗೆ ದೆಹಲಿಯ ಅಗಲ ಎಷ್ಟೆಂಬುದು ಚೆನ್ನಾಗಿ ಅರ್ಥವಾಗಿರುತ್ತದೆ.

ಸಣ್ಣ ಸಂಘಗಳಿಗೆ ಜಾಗ ಎಲ್ಲಿ?

ಎಲ್ಲ ಕಾರ್ಯಕ್ರಮಗಳಿಗೂ ಬೃಹತ್ ಕೇಂದ್ರ ಬೇಕಿಲ್ಲ. ಜನಸಂಖ್ಯೆಗೆ ತಕ್ಕಂತೆ ಆಯ್ಕೆಗಳು ಹೀಗಿವೆ.

- ನೂರರ ಒಳಗೆ: ಲೋಧಿ ರಸ್ತೆ ಪ್ರದೇಶದ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್ ಮತ್ತು ಇಂಡಿಯಾ ಹ್ಯಾಬಿಟಾಟ್ ಸೆಂಟರ್. ವಿಚಾರಗೋಷ್ಠಿ, ಪುಸ್ತಕ ಬಿಡುಗಡೆಗೆ ಹೇಳಿ ಮಾಡಿಸಿದ ಜಾಗಗಳು. ಆದರೆ ಇಲ್ಲಿ ಸದಸ್ಯರ ಮೂಲಕ ಹೋಗಬೇಕಾಗುತ್ತದೆ.
- ಕೆಲವು ನೂರು ಜನ: ಮಂಡಿ ಹೌಸ್ ಸುತ್ತಲಿನ ರಂಗಮಂದಿರಗಳು. ಇವುಗಳಲ್ಲಿ ಕಮಾನಿ ಸಭಾಂಗಣದಲ್ಲಿ 600ಕ್ಕೂ ಹೆಚ್ಚು ಆಸನಗಳಿವೆ. ನಾಟಕ, ನೃತ್ಯ, ಸಂಗೀತಕ್ಕೆ ಸೂಕ್ತ.
- ಸಾವಿರ ದಾಟಿದರೆ: ಸಿರಿಫೋರ್ಟ್ ಸಭಾಂಗಣ, ತಾಲ್ಕಟೋರ ಒಳಾಂಗಣ ಕ್ರೀಡಾಂಗಣ. ವಿಜ್ಞಾನ ಭವನದಲ್ಲಿ ಸರ್ಕಾರಿ ಕಾರ್ಯಕ್ರಮಗಳಿಗೆ ಆದ್ಯತೆ.
- ವಾಸ ಮತ್ತು ಸಭೆ ಒಂದೇ ಕಡೆ: ವಿಮಾನ ನಿಲ್ದಾಣದ ಪಕ್ಕದ ಏರೋಸಿಟಿಯ ಹೋಟೆಲ್‌ಗಳು. ಬೆಳಿಗ್ಗೆ ಬಂದು ಸಂಜೆ ಹೊರಡುವ ಕಂಪನಿ ಸಭೆಗಳಿಗೆ ಅನುಕೂಲ, ಬಾಡಿಗೆ ಮಾತ್ರ ದುಬಾರಿ.

ಕನ್ನಡದ ಕಾರ್ಯಕ್ರಮಗಳಿಗೆ ರಾಮಕೃಷ್ಣಪುರದಲ್ಲಿರುವ ದೆಹಲಿ ಕರ್ನಾಟಕ ಸಂಘದ ಸಭಾಂಗಣ ಮನೆಯಂಗಳವಿದ್ದಂತೆ. 1948ರಲ್ಲಿ ಆರಂಭವಾದ ಸಂಘ 2023ರ ಫೆಬ್ರವರಿಯಲ್ಲಿ ತನ್ನ ಅಮೃತ ಮಹೋತ್ಸವವನ್ನು ತಾಲ್ಕಟೋರ ಕ್ರೀಡಾಂಗಣದಲ್ಲಿ ಆಚರಿಸಿತು. ಇದಕ್ಕೂ ಬಹಳ ಹಿಂದೆ, 1978ರಲ್ಲಿ, ಜಿ.ಪಿ. ರಾಜರತ್ನಂ ಅಧ್ಯಕ್ಷತೆಯ 50ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ದೆಹಲಿಯೇ ಆತಿಥ್ಯ ವಹಿಸಿತ್ತು. ಭಾರತ್ ಮಂಟಪವಾಗಲಿ, ಮೆಟ್ರೊ ಆಗಲಿ ಇಲ್ಲದ ಕಾಲದಲ್ಲಿ ಅಖಿಲ ಭಾರತ ಮಟ್ಟದ ಸಮ್ಮೇಳನ ನಡೆದಿತ್ತು ಎಂಬುದನ್ನು ಹೊರನಾಡಿನ ಕನ್ನಡ ಸಂಘಗಳು ಗಮನಿಸಬಹುದು.

ಯಾವ ತಿಂಗಳು ಒಳ್ಳೆಯದು?

ದೆಹಲಿಯಲ್ಲಿ ದಿನಾಂಕ ಗೊತ್ತುಮಾಡುವುದೇ ಅರ್ಧ ಕೆಲಸ.

ಫೆಬ್ರವರಿ ಮಧ್ಯದಿಂದ ಮಾರ್ಚ್ ಅಂತ್ಯ: ಹಿತವಾದ ಬಿಸಿಲು, ಹೂವಿನ ಕಾಲ. ರಾಷ್ಟ್ರಪತಿ ಭವನದ ಅಮೃತ ಉದ್ಯಾನ ಸಾರ್ವಜನಿಕರಿಗೆ ತೆರೆಯುವುದೂ ಆಸುಪಾಸಿನ ಈ ದಿನಗಳಲ್ಲೇ. ಹೋಳಿಯ ದಿನವನ್ನು ಮಾತ್ರ ಬಿಟ್ಟುಬಿಡಬೇಕು.

ಏಪ್ರಿಲ್‌ನಿಂದ ಜೂನ್: ಮೇ, ಜೂನ್‌ನಲ್ಲಿ ಉಷ್ಣಾಂಶ 45 ಡಿಗ್ರಿ ಆಸುಪಾಸು ತಲುಪುವ ದಿನಗಳಿರುತ್ತವೆ. ಹಿರಿಯರಿರುವ ತಂಡಕ್ಕೆ ಹೊರಗಿನ ಕಾರ್ಯಕ್ರಮ ಬೇಡ.

ಜುಲೈನಿಂದ ಸೆಪ್ಟೆಂಬರ್: ಹೋಟೆಲ್ ದರ ತುಸು ಕಡಿಮೆ. ಜೋರು ಮಳೆಗೆ ರಸ್ತೆಗಳಲ್ಲಿ ನೀರು ನಿಲ್ಲುತ್ತದೆ. ಪ್ರಗತಿ ಮೈದಾನದ ಅಡಿಯ ಸುರಂಗ ಮಾರ್ಗವೂ ನೀರು ನುಗ್ಗಿ ಮುಚ್ಚಿದ ಉದಾಹರಣೆಯಿದೆ. ಆಗಸ್ಟ್ 15ರ ಆಸುಪಾಸು ಭದ್ರತಾ ನಿರ್ಬಂಧಗಳಿರುತ್ತವೆ.

ಅಕ್ಟೋಬರ್ ಕೊನೆಯಿಂದ ಜನವರಿ: ಹವೆ ತಂಪು, ಗಾಳಿ ಕೆಟ್ಟದ್ದು. ನವೆಂಬರ್, ಡಿಸೆಂಬರ್ ಮದುವೆಗಳ ಹಂಗಾಮು ಕೂಡ. ಹೋಟೆಲ್, ಅಡುಗೆಯವರು, ಅಲಂಕಾರದವರು ಯಾರೂ ಸುಲಭಕ್ಕೆ ಸಿಗರು. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ದಟ್ಟ ಮಂಜಿನಿಂದ ವಿಮಾನ, ರೈಲು ಗಂಟೆಗಟ್ಟಲೆ ತಡವಾಗುತ್ತವೆ. ಗಣರಾಜ್ಯೋತ್ಸವದ ತಾಲೀಮು ಶುರುವಾದರೆ ಮಧ್ಯ ದೆಹಲಿಯ ರಸ್ತೆಗಳು ಆಗಾಗ ಮುಚ್ಚುತ್ತವೆ.

ಹೊಗೆ ಬಂದರೆ ಏನಾಗುತ್ತದೆ?

ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ವಾಯುಮಾಲಿನ್ಯ ತಡೆಗೆ 'ಗ್ರ್ಯಾಪ್' ಎಂಬ ನಾಲ್ಕು ಹಂತಗಳ ಕ್ರಮಾವಳಿ ಜಾರಿಯಲ್ಲಿದೆ. ಗಾಳಿಯ ಗುಣಮಟ್ಟ ಸೂಚ್ಯಂಕ 200 ದಾಟಿದರೆ ಮೊದಲ ಹಂತ, 300 ದಾಟಿದರೆ ಎರಡನೆಯದು, 400 ದಾಟಿದರೆ ಮೂರನೆಯದು, 450 ದಾಟಿದರೆ ನಾಲ್ಕನೆಯದು. ಹಂತ ಏರಿದಂತೆ ಡೀಸೆಲ್ ಜನರೇಟರ್, ಹಳೆಯ ವಾಹನಗಳು, ಲಾರಿಗಳ ಪ್ರವೇಶದ ಮೇಲೆ ನಿರ್ಬಂಧ ಬಿಗಿಯಾಗುತ್ತದೆ.

ಸಂಘಟಕರಿಗೆ ಇದು ಕೇವಲ ಆರೋಗ್ಯದ ವಿಷಯವಲ್ಲ. ಸಾಮಾನ್ಯ ದಿನಗಳಲ್ಲೇ ಭಾರಿ ಸರಕು ವಾಹನಗಳಿಗೆ ಹಗಲಿನಲ್ಲಿ ನಗರ ಪ್ರವೇಶವಿಲ್ಲದ ಕಾರಣ ಮಳಿಗೆ ಕಟ್ಟುವ ಸಾಮಗ್ರಿ ಬರುವುದು ರಾತ್ರಿ. ಬಡಗಿ, ಎಲೆಕ್ಟ್ರಿಷಿಯನ್, ಬಣ್ಣ ಬಳಿಯುವವರು ರಾತ್ರಿಯಿಡೀ ದುಡಿದು ಬೆಳಗಾಗುವಷ್ಟರಲ್ಲಿ ಮೇಳವನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಲಾರಿ ಗಡಿಯಲ್ಲೇ ನಿಂತರೆ ಅವರ ಆ ದಿನದ ಕೂಲಿಗೂ ಕುತ್ತು. 2024ರ ನವೆಂಬರ್ 18ರಂದು ನಾಲ್ಕನೇ ಹಂತ ಜಾರಿಗೆ ಬಂದಾಗ ಅಂತಾರಾಷ್ಟ್ರೀಯ ವ್ಯಾಪಾರ ಮೇಳ ನಡೆಯುತ್ತಿತ್ತು. ಆಸ್ತಮಾ, ಹೃದ್ರೋಗ ಇರುವವರು ತಂಡದಲ್ಲಿದ್ದರೆ ನವೆಂಬರ್ ತಿಂಗಳನ್ನು ಕೈಬಿಡುವುದೇ ಜಾಣತನ.

ಜಿ-20 ಕಲಿಸಿದ ಪಾಠ

2023ರ ಸೆಪ್ಟೆಂಬರ್ 9 ಮತ್ತು 10ರಂದು ಭಾರತ್ ಮಂಟಪದಲ್ಲಿ ನಡೆದ ಜಿ-20 ಶೃಂಗಸಭೆ ದೆಹಲಿಯ ಸಾಮರ್ಥ್ಯವನ್ನು ಜಗತ್ತಿಗೆ ತೋರಿಸಿತು. ಆಫ್ರಿಕಾ ಒಕ್ಕೂಟವನ್ನು ಕಾಯಂ ಸದಸ್ಯನಾಗಿ ಸೇರಿಸಿಕೊಂಡದ್ದು ಇದೇ ಸಭೆಯಲ್ಲಿ. ಮರುವರ್ಷದ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಸಮಿತಿಯ ಅಧಿವೇಶನವೂ ಇಲ್ಲೇ ನಡೆಯಿತು.

ಆದರೆ ಜಿ-20ರ ಆ ಮೂರು ದಿನ ಕಚೇರಿ, ಶಾಲೆಗಳಿಗೆ ರಜೆ ಘೋಷಿಸಲಾಗಿತ್ತು. ನವದೆಹಲಿ ಜಿಲ್ಲೆಯ ಅಂಗಡಿ, ಬ್ಯಾಂಕ್‌ಗಳು ಮುಚ್ಚಿದ್ದವು. ತಿಂಗಳ ಸಂಬಳದವರಿಗೆ ಅದು ರಜೆ, ತಳ್ಳುಗಾಡಿಯವರಿಗೆ, ಆಟೊ ಚಾಲಕರಿಗೆ, ಮನೆಕೆಲಸದವರಿಗೆ ಕೂಲಿಯಿಲ್ಲದ ದಿನಗಳು. ಸಮ್ಮೇಳನದಿಂದ ನಗರಕ್ಕೆ ಆದಾಯ ಬರುತ್ತದೆ ಎನ್ನುವ ಲೆಕ್ಕದಲ್ಲಿ ಈ ಕಳೆದುಹೋದ ದಿನಗಳನ್ನೂ ಸೇರಿಸಬೇಕು. ಗಣ್ಯರ ಭೇಟಿ, ಶೃಂಗಸಭೆಗಳಿರುವ ದಿನಗಳಲ್ಲಿ ಮಧ್ಯ ದೆಹಲಿಯಲ್ಲಿ ಸಾಮಾನ್ಯರ ಕಾರ್ಯಕ್ರಮ ಇಟ್ಟುಕೊಂಡರೆ ಕಷ್ಟ ತಪ್ಪಿದ್ದಲ್ಲ. ಆದ್ದರಿಂದ ದಿನಾಂಕ ಅಂತಿಮಗೊಳಿಸುವ ಮುನ್ನ ಸರ್ಕಾರಿ ಕಾರ್ಯಕ್ರಮಗಳ ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸಬೇಕು.

ತಲುಪುವುದು ಹೇಗೆ?

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್, ರಾಜಧಾನಿ ರೈಲುಗಳಿವೆ. ಹೈದರಾಬಾದ್‌ನಿಂದ ತೆಲಂಗಾಣ ಎಕ್ಸ್‌ಪ್ರೆಸ್, ಚೆನ್ನೈನಿಂದ ತಮಿಳುನಾಡು ಎಕ್ಸ್‌ಪ್ರೆಸ್, ಮುಂಬೈನಿಂದ ರಾಜಧಾನಿ. ಪುಣೆಯವರಿಗೆ ಬೆಳಗಾವಿ ಮಾರ್ಗವಾಗಿ ಬರುವ ಗೋವಾ ಎಕ್ಸ್‌ಪ್ರೆಸ್ ಅನುಕೂಲ.

ಒಂದು ಟಿಕೆಟ್‌ನಲ್ಲಿ ಆರು ಪ್ರಯಾಣಿಕರಿಗಷ್ಟೇ ಅವಕಾಶ. ಇಡೀ ತಂಡ ಒಂದೇ ಬೋಗಿಯಲ್ಲಿ ಬರಬೇಕೆಂದರೆ ಐಆರ್‌ಸಿಟಿಸಿಯ 'ಎಫ್‌ಟಿಆರ್' ಸೌಲಭ್ಯದಡಿ ಬೋಗಿಯನ್ನೇ ಕಾದಿರಿಸಬಹುದು. ಇದಕ್ಕೆ ಠೇವಣಿ ಕಟ್ಟಬೇಕು, ಕನಿಷ್ಠ ಒಂದು ತಿಂಗಳು ಮುಂಚೆ ಅರ್ಜಿ ಹಾಕಬೇಕು.

ವಿಮಾನದಲ್ಲಿ ಬರುವವರು ಟರ್ಮಿನಲ್ ಯಾವುದೆಂದು ನೋಡಿಕೊಳ್ಳಬೇಕು. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ಹಾದುಹೋಗುವುದು 2 ಮತ್ತು 3ನೇ ಟರ್ಮಿನಲ್ ಬಳಿ. 1ನೇ ಟರ್ಮಿನಲ್ ದೂರದಲ್ಲಿದ್ದು, ಅದು ಮೆಜೆಂತಾ ಮಾರ್ಗದಲ್ಲಿದೆ. ಭಾರತ್ ಮಂಟಪಕ್ಕೆ ನೀಲಿ ಮಾರ್ಗದ 'ಸುಪ್ರೀಂ ಕೋರ್ಟ್' ನಿಲ್ದಾಣದಲ್ಲಿ ಇಳಿಯಬೇಕು. ಇದೇ ಹಳೆಯ 'ಪ್ರಗತಿ ಮೈದಾನ' ನಿಲ್ದಾಣ. ಹೆಸರು ಬದಲಾದದ್ದು ಗೊತ್ತಿಲ್ಲದೆ ಮುಂದಿನ ನಿಲ್ದಾಣಕ್ಕೆ ಹೋಗುವವರಿದ್ದಾರೆ.

ಅನುಮತಿ ಮತ್ತು ನಿಯಮಗಳು

- ದೊಡ್ಡ ಕಾರ್ಯಕ್ರಮಕ್ಕೆ ಪೊಲೀಸ್ ಮತ್ತು ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು. ಸಭಾಂಗಣದವರು ಯಾವುದನ್ನು ಮಾಡಿಸಿಕೊಡುತ್ತಾರೆ, ಯಾವುದು ಸಂಘಟಕರ ಹೊಣೆ ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.
- ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಾಂಗಣದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ.
- 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಾದ್ಯಂತ ನಿಷೇಧವಿದೆ. 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗೂ ಇದು ಅನ್ವಯ.
- ವಿದೇಶಿ ಪ್ರತಿನಿಧಿಗಳು ಬರುವುದಾದರೆ ಪ್ರವಾಸಿ ವೀಸಾ ಸಾಲದು, ಕಾನ್ಫರೆನ್ಸ್ ವೀಸಾ ಬೇಕು. ಅದಕ್ಕೆ ಸಂಘಟಕರು ಕೇಂದ್ರದ ಅನುಮತಿಯನ್ನು ಮೊದಲೇ ಪಡೆದಿರಬೇಕು. ತಿಂಗಳುಗಳ ಮುಂಚೆಯೇ ಈ ಕೆಲಸ ಶುರು ಮಾಡುವುದು ಒಳಿತು.

ಸಭೆ ಮುಗಿದ ಮೇಲೆ

ಹೆಚ್ಚಿನ ತಂಡಗಳು ಒಂದು ದಿನವನ್ನು ಊರು ನೋಡಲು ಇಟ್ಟುಕೊಳ್ಳುತ್ತವೆ. ಅದು ಸೋಮವಾರ ಆಗದಂತೆ ನೋಡಿಕೊಳ್ಳಿ. ಕೆಂಪುಕೋಟೆ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ಕಮಲ ಮಂದಿರ, ಅಕ್ಷರಧಾಮಕ್ಕೆ ಸೋಮವಾರ ರಜೆ. ಆಗ್ರಾದ ತಾಜ್‌ಮಹಲ್‌ಗೆ ಶುಕ್ರವಾರ ರಜೆ. ಹಜರತ್ ನಿಜಾಮುದ್ದೀನ್ ನಿಲ್ದಾಣದಿಂದ ಬೆಳಿಗ್ಗೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ ನೂರು ನಿಮಿಷದಲ್ಲಿ ಆಗ್ರಾ ತಲುಪುತ್ತದೆ. ತಾಜ್‌ಗೆ ರಜೆಯಿರುವ ಶುಕ್ರವಾರ ಆ ರೈಲೂ ಇಲ್ಲ.

ಕಡೆಯದಾಗಿ ಖರ್ಚಿನ ಲೆಕ್ಕ. ಸಭಾಂಗಣದ ಬಾಡಿಗೆಯನ್ನಷ್ಟೇ ನೋಡಿ ನಿರ್ಧರಿಸಬೇಡಿ. ವಾಸದ ಜಾಗ ದ್ವಾರಕಾದಲ್ಲಿ, ಸಭೆ ಪ್ರಗತಿ ಮೈದಾನದಲ್ಲಿ, ಸಂಜೆಯ ಊಟ ಇನ್ನೆಲ್ಲೋ ಎಂದಾದರೆ ಬಸ್ ಬಾಡಿಗೆಯೇ ಉಳಿತಾಯವನ್ನು ನುಂಗುತ್ತದೆ, ದಿನಕ್ಕೆ ಎರಡು ಮೂರು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ಮೊದಲು ತಿಂಗಳು, ಆಮೇಲೆ ಬಡಾವಣೆ, ಕೊನೆಗೆ ಸಭಾಂಗಣ ಎಂಬ ಕ್ರಮದಲ್ಲಿ ಯೋಚಿಸಿದರೆ ಐವತ್ತು ಜನರ ಸಂಘಕ್ಕೂ ದೆಹಲಿ ದೂರವಲ್ಲ.